ಆಕರಮೀಮಾಂಸೆ ಅಥವಾ ಕಿರುಪ್ರಬಂಧಗಳ ವಂಶಾವಳಿ

ಸೂತ್ರ: ಓದದಿರುವುದೇ ಗ್ರಂಥಋಣ.

ವೃತ್ತಿ: ವಿದ್ಯಾರ್ಥಿಯು ಕಿರುಪ್ರಬಂಧದ ಕೊನೆಗೆ ಅಕಾರಾದಿಯಾಗಿ ಜೋಡಿಸುವ, ತಾನು ಮುಟ್ಟಿಯೂ ನೋಡದ ಪುಸ್ತಕಗಳ ಪಟ್ಟಿಗೆ ಗ್ರಂಥಋಣವೆಂದು ಹೆಸರು. ಆತ ನಿಜಕ್ಕೂ ಓದಿದ್ದು ಹಿಂದಿನ ಬ್ಯಾಚಿನ ಅಕ್ಕ ಪೆನ್‌ಡ್ರೈವಿನಲ್ಲಿ ಕೊಟ್ಟ ಪ್ರಬಂಧವೊಂದನ್ನೇ. ಅದು ಮಾತ್ರ ಪಟ್ಟಿಯಲ್ಲಿ ಬರಕೂಡದು. ಹಿರಿಯರನ್ನು ಹೆಸರು ಹಿಡಿದು ಕರೆಯುವ ಸಂಪ್ರದಾಯ ನಮ್ಮಲ್ಲಿಲ್ಲವಷ್ಟೆ.

ಆಕರ ಹೇಳುವುದು ಪರದೇಶದಿಂದ ಬಂದ ಚಾಳಿ ಎಂಬ ಪೂರ್ವಪಕ್ಷ ಸಲ್ಲದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಒಂದು ಕನ್ನಡ ಗದ್ಯಕೃತಿಯೂ ನಮಗೆ ದಕ್ಕಿಲ್ಲ. ಕೇಶಿರಾಜನೂ ಶಬ್ದಮಣಿದರ್ಪಣದ ಆರಂಭದಲ್ಲಿ ಗಜಗ, ಗುಣನಂದಿ, ಅಸಗ ಮೊದಲಾದವರನ್ನು ನೆನೆದು, ಒಳಗೆ ಎಷ್ಟೋ ಪ್ರಯೋಗಗಳನ್ನು ಯಾರವೆಂದು ಹೇಳದೆಯೇ ಕೊಟ್ಟ. ತಾಳೆ ನೋಡಲಾಗದ ಆಕರ, ವಿಳಾಸವಿಲ್ಲದ ಉದ್ಧರಣೆ, ಎರಡಕ್ಕೂ ಇದಕ್ಕಿಂತ ಪ್ರಮಾಣ ಬೇಕೆ? ಅವರು ಆ ಕೃತಿಗಳನ್ನು ಓದಿದ್ದರು ಎಂದು ಪ್ರತಿವಾದಿಗಳು ತಕರಾರು ತೆಗೆಯುತ್ತಾರೆ. ಅಲ್ಪ ವ್ಯತ್ಯಾಸ, ಉಪೇಕ್ಷಿಸತಕ್ಕದ್ದು.

ಇನ್ನು ವಂಶವಿಚಾರ. ಎರಡು ಓಲೆಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವುಗಳ ಮಾತೃಕೆ ಒಂದೇ ಎಂದು ಊಹಿಸುವುದು ಗ್ರಂಥಸಂಪಾದನೆಯ ನಿಯಮ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಅನೇಕರ ಗ್ರಂಥಋಣದಲ್ಲಿ ಇರುವುದರಿಂದ ಇದು ಯಾರಿಗೂ ತಿಳಿದಿರಲಾರದು. ಡಿಟಿಪಿ ಅಂಗಡಿಯಲ್ಲಿ 'ಪು. 48' ಒಮ್ಮೆ 'ಪು. 84' ಆಯಿತೆನ್ನಿ. ಮೂಲ ಪುಸ್ತಕ ಎಂಬತ್ತನೇ ಪುಟಕ್ಕೇ ಮುಗಿದಿದ್ದರೂ 84 ಬ್ಯಾಚಿನಿಂದ ಬ್ಯಾಚಿಗೆ ಇಳಿದುಬರುತ್ತದೆ. ಮಧ್ಯದಲ್ಲಿ ಯಾರೋ ಒಂದು ಅಡಿಟಿಪ್ಪಣಿ ಕಿತ್ತುಹಾಕಿದರೆ ಅದರ ಕೆಳಗಿನ 'ಅದೇ' ಎಂಬುದು ಮೇಲಿನ ಬೇರೊಂದು ಗ್ರಂಥಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಇದನ್ನು ಪ್ರಮಾದವೆನ್ನಬಾರದು, ಪಾಠಾಂತರವೆನ್ನಬೇಕು. ಕೃತಜ್ಞತೆಯ ಪುಟದಲ್ಲಿ 'ನನ್ನ ಪತಿಯವರ ಸಹಕಾರ'ವನ್ನು ನೆನೆದ ಅವಿವಾಹಿತ ಹುಡುಗನಂತೂ ಸಂಶೋಧಕರ ಪಾಲಿನ ನಿಧಿ: ಮಾತೃಕೆ ಅಕ್ಕನದೇ.

ದಂಡಪ್ರಕರಣವನ್ನು ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ವಿಧಿಸಿದೆ. ಸಾಮ್ಯ ಶೇ. 10ರವರೆಗಿದ್ದರೆ ಶಿಕ್ಷೆಯಿಲ್ಲ, 40ರವರೆಗಿದ್ದರೆ ಆರು ತಿಂಗಳೊಳಗೆ ತಿದ್ದಿ ತರಬೇಕು, 60ರವರೆಗಿದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಮೂಲ ಲೇಖಕರ ಹೆಸರು ಹೇಳಿ ಉದ್ಧರಿಸಿದ ಮಾತು ಈ ಎಣಿಕೆಗೆ ಸೇರುವುದಿಲ್ಲ ಎಂದೂ ನಿಯಮದಲ್ಲಿದೆ. ಎರಡು ಉದ್ಧರಣ ಚಿಹ್ನೆ, ಒಂದು ಹೆಸರು: ಇಷ್ಟರಲ್ಲೇ ಪಾರಾಗುವುದು ಪಂಡಿತರಿಗೆ ಶೋಭೆಯಲ್ಲ. ಆದ್ದರಿಂದ ವಿದ್ಯಾರ್ಥಿಯು ರಾತ್ರಿಯಿಡೀ ನಿಘಂಟು ಹಿಡಿದು ಪದಕ್ಕೆ ಪದ ಬದಲಿಸುತ್ತಾನೆ. ಕಾವ್ಯ ಕಬ್ಬವಾಗುತ್ತದೆ, ಲಕ್ಷಣ ಚಿಹ್ನೆಯಾಗುತ್ತದೆ. ಅದೇ ಹುಮ್ಮಸ್ಸಿನಲ್ಲಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬೆಳಗಾಗುವಷ್ಟರಲ್ಲಿ 'ಗಿರಿಗಳಲ್ಲಿ ವಧು' ಆಗಿರುತ್ತದೆ.

ಈಚೆಗೆ ಯಂತ್ರವೇ ಗ್ರಂಥಋಣ ಬರೆದುಕೊಡುತ್ತಿದೆ. ಲೇಖಕರು, ಪ್ರಕಾಶಕರು, ವರ್ಷ, ಪುಟ ಎಲ್ಲ ಅಚ್ಚುಕಟ್ಟು. ಎಷ್ಟೋ ಸಲ ಪುಸ್ತಕವೊಂದೇ ಇರುವುದಿಲ್ಲ. ನಮ್ಮ ಶಾಸ್ತ್ರಕ್ಕೆ ಇದು ಮಾನ್ಯವಲ್ಲ. ಇರುವ ಪುಸ್ತಕವನ್ನು ಓದದೆ ಉಳಿಯುವುದಕ್ಕೆ ಸಂಯಮ ಬೇಕು, ಇಲ್ಲದ್ದನ್ನು ಯಾರು ಬೇಕಾದರೂ ಓದದಿರಬಹುದು. ಅಲ್ಲದೆ ಅದರಲ್ಲಿ ಹಿಂದಿನ ಬ್ಯಾಚಿನ ಒಂದು ತಪ್ಪೂ ಇಳಿದುಬಂದಿರುವುದಿಲ್ಲ. ಅಂಥ ಪ್ರಬಂಧಕ್ಕೆ ಕುಲಗೋತ್ರ ಹೇಳುವುದಾದರೂ ಹೇಗೆ?