ಸೋಲುವ ತಂಡದ ಭಕ್ತರು

ಗೆಲ್ಲುವ ತಂಡಕ್ಕೆ ಜಯಕಾರ ಹಾಕುವುದರಲ್ಲಿ ಯಾವ ಪುರುಷಾರ್ಥವೂ ಇಲ್ಲ. ನಿಷ್ಠೆಯೆಂಬ ಗುಣದ ನಿಜವಾದ ಪರೀಕ್ಷೆ ನಡೆದುದು 2007-08ರಲ್ಲಿ, ಇಂಗ್ಲೆಂಡಿನ ಡರ್ಬಿ ನಗರದಲ್ಲಿ. ‘ಟಗರುಗಳು’ ಎಂಬ ವೀರಬಿರುದನ್ನು ಧರಿಸಿದ ಡರ್ಬಿ ಕೌಂಟಿ ತಂಡವು, ಪ್ರೀಮಿಯರ್ ಲೀಗ್ ಫುಟ್‌ಬಾಲಿನ 38 ಪಂದ್ಯಗಳಲ್ಲಿ 29ನ್ನು ಸೋತು, 8ನ್ನು ಸಮ ಮಾಡಿಕೊಂಡು, ಒಂದೇ ಒಂದನ್ನು, ಅದೂ ಸೆಪ್ಟೆಂಬರಿನಲ್ಲಿ ನ್ಯೂಕಾಸಲ್ ತಂಡದ ಮೇಲೆ, ಗೆದ್ದು, ಆ ಸುಖಸ್ಮರಣೆಯಲ್ಲಿಯೇ ಮೇ ತಿಂಗಳವರೆಗೂ ಕಾಲಕ್ಷೇಪ ಮಾಡಿತು. ಹೊಡೆದ ಗೋಲು 20, ಹೊಡೆಸಿಕೊಂಡುದು 89. ನವೆಂಬರಿನಲ್ಲಿ ವ್ಯವಸ್ಥಾಪಕರಾದ ಬಿಲ್ಲಿ ಡೇವಿಸ್ ಹೋಗಿ ಪಾಲ್ ಜ್ಯೂಯೆಲ್ ಬಂದರು. ಶನಿಮಹಾತ್ಮ ಮಾತ್ರ ಸ್ಥಾನಪಲ್ಲಟ ಮಾಡಲಿಲ್ಲ.

ಮಾರ್ಚಿನಲ್ಲಿಯೇ ಕೆಳಗಿನ ಲೀಗಿಗೆ ಅಧೋಗತಿ ನಿಶ್ಚಯವಾದರೂ, ಪ್ರೈಡ್ ಪಾರ್ಕ್ ಕ್ರೀಡಾಂಗಣಕ್ಕೆ ಸರಾಸರಿ 32,000ಕ್ಕೂ ಮಿಕ್ಕಿದ ಜನ ಹಣ ತೆತ್ತು ಬರುತ್ತಲೇ ಇದ್ದರು. ಇದನ್ನು ಹುಚ್ಚೆನ್ನುವವರು ಸುಖದ ಮರ್ಮವನ್ನರಿಯರು: ಗೆದ್ದೇ ತೀರಬೇಕೆನ್ನುವವನಿಗೆ ತೊಂಬತ್ತು ನಿಮಿಷವೂ ಎದೆಬಡಿತ, ಸೋಲನ್ನು ಮನೆಯಳಿಯನಂತೆ ಸಹಿಸಿಕೊಂಡವನಿಗಾದರೋ, ತನ್ನವರಿಗೊಂದು ಕಾರ್ನರ್ ದೊರೆತರೂ ದೀಪಾವಳಿ. ಅಲ್ಲದೆ, ಬಯ್ಯುವ ಆನಂದವೆಂಬುದೊಂದುಂಟಲ್ಲ, ಅದು ಗೆದ್ದವರಿಗೆಲ್ಲಿ ಲಭ್ಯ?

ಆ ವರ್ಷ ಡರ್ಬಿ ಗಳಿಸಿದ್ದು 11 ಅಂಕ. 2024-25ರಲ್ಲಿ ಸೌತಾಂಪ್ಟನ್ ತಂಡವು ಅತ್ಯಲ್ಪ ಅಂಕದ ಈ ಕೀರ್ತಿಗೆ ಬಹಳ ಹತ್ತಿರ ಬಂದಿತ್ತು. ಕೊನೆಗೆ 12 ಅಂಕ ಸಂಪಾದಿಸಿ ಅವಕಾಶವನ್ನು ಕೈಚೆಲ್ಲಿತು.