ಶನಿವಾರ ಪ್ರಾಮಾಣ್ಯ ವಿಚಾರ: ಘಾನಾ ಪ್ರಕರಣ

ಶಾಸ್ತ್ರಗ್ರಂಥ ಶುರುಮಾಡುವ ಮುನ್ನ ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕೆಂಬುದು ಹಿರಿಯರ ಕಟ್ಟಳೆ. ಓದುವುದಕ್ಕೆ ಅಧಿಕಾರಿ ಯಾರು, ವಿಷಯವೇನು, ಪ್ರಯೋಜನವೇನು, ಇವುಗಳೊಳಗಿನ ಸಂಬಂಧವೇನು. ಈ ಪ್ರಬಂಧಕ್ಕೆ ಅಧಿಕಾರಿ, ಪರದೇಶಕ್ಕೆ ಸೇವೆ ಮಾಡಲು ಹೋದ ಸ್ವಯಂಸೇವಕ. ವಿಷಯ, ಅವನ ಶನಿವಾರ ಮತ್ತು ಭಾನುವಾರ. ಪ್ರಯೋಜನ, ಅವನಿಂದ ಆ ದೇಶಕ್ಕೆ ಆಗುವ ಉಪಕಾರ ವಾರದ ಯಾವ ದಿನ ಆಗುತ್ತದೆಂಬ ನಿರ್ಣಯ. ಸಂಬಂಧ, ಬಸ್ಸು.

ಪೂರ್ವಪಕ್ಷದವರ ವಾದ ಹೀಗಿದೆ: "ಅವನು ಹೋಗಿರುವುದು ಸೇವೆಗೆ. ಸೋಮವಾರದಿಂದ ಶುಕ್ರವಾರದವರೆಗೆ ಪಾಠ ಹೇಳುತ್ತಾನೆ, ಶಾಲೆಯ ಗೋಡೆಗೆ ಬಣ್ಣ ಬಳಿಯುತ್ತಾನೆ, ಯಾರದೋ ಮಗುವನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾನೆ. ದಣಿದ ಜೀವ ಶನಿವಾರ ನಾಲ್ಕು ಊರು ನೋಡಿಬಂದರೆ ತಪ್ಪೇನು? ಆದ್ದರಿಂದ ಸೇವೆ ಪ್ರಧಾನ, ಸುತ್ತಾಟ ಗೌಣ." ಸ್ವಯಂಸೇವಕರನ್ನು ಕಳಿಸಿಕೊಡುವವರ ಕರಪತ್ರಗಳೂ ಇದನ್ನೇ ಹೇಳುತ್ತವೆ, ಆದರೆ ಮುಖಪುಟದಲ್ಲಿ ಮಾತ್ರ. ಒಂದು ಗ್ರಂಥದ ತಾತ್ಪರ್ಯ ತಿಳಿಯುವುದಕ್ಕೆ ಮೀಮಾಂಸಕರು ಕೆಲವು ಗುರುತುಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಅಭ್ಯಾಸವೂ ಒಂದು: ಯಾವುದನ್ನು ಮತ್ತೆ ಮತ್ತೆ ಹೇಳಿದೆಯೋ ಗ್ರಂಥದ ಮನಸ್ಸಿನಲ್ಲಿರುವುದು ಅದೇ. ಕರಪತ್ರದ ಒಳಪುಟಗಳಲ್ಲಿ ಪಾಠ ಒಂದು ಸಲ ಬಂದರೆ ಆನೆ ನಾಲ್ಕು ಸಲ ಬರುತ್ತದೆ. ಜೈಮಿನಿ ಮಹರ್ಷಿಗಳ ಕೈಗೆ ಅದನ್ನು ಕೊಟ್ಟಿದ್ದರೆ ಒಂದೇ ನೋಟಕ್ಕೆ ತೀರ್ಪು ಕೊಟ್ಟು ಎದ್ದುಹೋಗುತ್ತಿದ್ದರು.

ನಮ್ಮ ಸಿದ್ಧಾಂತ: ವಾರಾಂತ್ಯವೇ ಸೇವೆ. ಉಳಿದ ಐದು ದಿನ ಅದಕ್ಕೆ ಬೇಕಾದ ವೀಸಾ.

ಮೊದಲು ಐತಿಹ್ಯ ಪ್ರಮಾಣ. 1961ರ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನಡಿ, ಪರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ ಸಂಸ್ಥೆಯ ಸ್ಥಾಪನೆಯ ಆದೇಶಕ್ಕೆ ಸಹಿ ಹಾಕಿದರು. ಅದರ ಮೊದಲ ತಂಡ, ಐವತ್ತು ಚಿಲ್ಲರೆ ಮಂದಿ ಮೇಷ್ಟ್ರುಗಳು, ಅದೇ ವರ್ಷ ಆಗಸ್ಟ್ 30ರಂದು ಘಾನಾದ ರಾಜಧಾನಿ ಅಕ್ರಾದಲ್ಲಿ ವಿಮಾನದಿಂದಿಳಿದು, ಅಲ್ಲೇ ಗುಂಪುಗೂಡಿ ನಿಂತು ಟ್ವಿ ಭಾಷೆಯಲ್ಲಿ ಹಾಡು ಹೇಳಿದರು. ಇಷ್ಟನ್ನು ಇತಿಹಾಸಕಾರರು ಬರೆದಿದ್ದಾರೆ. ಪಂಚಾಂಗ ತಿರುವಿ ನೋಡುವ ವ್ಯವಧಾನ ಮಾತ್ರ ಯಾರಿಗೂ ಇದ್ದಂತಿಲ್ಲ. ಅದು ಬುಧವಾರ. ಮೂರು ದಿನ ಕಳೆಯುವುದರೊಳಗೆ ಶನಿವಾರ ಬಂತು. ಪಾಠ ಇನ್ನೂ ಶುರುವಾಗಿರಲಿಲ್ಲ. ಕಾಲಕ್ರಮದಲ್ಲಿ ಯಾವುದು ಮುಂಚೆ ಹುಟ್ಟಿತೋ ಅದು ಜ್ಯೇಷ್ಠ ಎಂಬ ನ್ಯಾಯಕ್ಕೆ ಆಸ್ತಿ ಪಾಲಿನ ವ್ಯಾಜ್ಯಗಳಲ್ಲೇ ಬೆಲೆ ಇರುವಾಗ ಇಲ್ಲೇಕೆ ಇರಬಾರದು?

ಆ ದೇಶದಲ್ಲಿ ಶನಿವಾರಕ್ಕಿರುವ ಅಧಿಕಾರವನ್ನೂ ನೋಡಬೇಕು. ಅಕಾನ್ ಜನರಲ್ಲಿ ಮಗುವಿಗೆ ಹುಟ್ಟಿದ ವಾರದ ಹೆಸರಿಡುತ್ತಾರೆ. ಶುಕ್ರವಾರದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಯಾವ ವಾರ ಹುಟ್ಟಿದರೆಂದು ಯಾರೂ ಜಾತಕ ಕೇಳಬೇಕಾಗಿಲ್ಲ. ಶನಿವಾರ ಹುಟ್ಟಿದವನು ಕ್ವಾಮೆ, ಹುಟ್ಟಿದವಳು ಅಮಾ. ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಅವರ ಅಧಿಕೃತ ಜನ್ಮದಿನ 1909ರ ಸೆಪ್ಟೆಂಬರ್ 21. ಅದು ಮಂಗಳವಾರ. ತಾನು ಹುಟ್ಟಿದ್ದು ಶನಿವಾರವೆಂಬುದಷ್ಟೇ ಖಚಿತ, ತಾರೀಖಿನದು ಗೊಂದಲ ಎಂಬರ್ಥದಲ್ಲಿ ಅವರೇ ಬರೆದುಕೊಂಡಿದ್ದಾರೆ. ಕಚೇರಿಯ ದಾಖಲೆಯಲ್ಲಿ ತಾರೀಖು ತಪ್ಪಬಹುದು, ತಾಯಿಯ ಬಾಯಲ್ಲಿ ಶನಿವಾರ ತಪ್ಪುವುದಿಲ್ಲ. ಇಂಥ ದೇಶಕ್ಕೆ ಹೋಗಿ ಸೋಮವಾರವನ್ನು ಎತ್ತಿಹಿಡಿಯುವುದು ಅತಿಥಿಗೆ ಲಕ್ಷಣವಲ್ಲ.

ಇನ್ನು ಪ್ರತ್ಯಕ್ಷ ಪ್ರಮಾಣ. ಇದಕ್ಕೆ ಶನಿವಾರ ನಸುಕಿಗೇ ಎದ್ದು ಅಕ್ರಾದ ಕನೇಶಿ ನಿಲ್ದಾಣಕ್ಕೆ ಹೋಗಬೇಕು. ಪಶ್ಚಿಮದ ಕಡಲತೀರದ ಊರುಗಳಿಗೆ ಗಾಡಿ ಹೊರಡುವುದು ಅಲ್ಲಿಂದ. ಗಾಡಿಯ ಹೆಸರು ಟ್ರೋಟ್ರೋ. ಬೇರೆ ದೇಶದಲ್ಲಿ ಆಯುಷ್ಯ ಕಳೆದ ಸಾಮಾನಿನ ವ್ಯಾನನ್ನು ಹಡಗಿನಲ್ಲಿ ತರಿಸಿ, ಪಕ್ಕಕ್ಕೆ ಕಿಟಕಿ ಕೊರೆದು, ಒಳಗೆ ಸೀಟುಗಳನ್ನು ಬೆಸೆದು, ಹಿಂದಿನ ಗಾಜಿನ ಮೇಲೆ ದೇವರಲ್ಲಿ ಭರವಸೆಯಿಡುವ ಒಂದು ವಾಕ್ಯ ಬರೆಸಿದರೆ ಟ್ರೋಟ್ರೋ ಆಯಿತು. ಬ್ರೇಕಿನ ಸ್ಥಿತಿ ನೋಡಿದವರಿಗೆ ಆ ವಾಕ್ಯದ ಅಗತ್ಯ ಗೊತ್ತಾಗುತ್ತದೆ. ಇದಕ್ಕೆ ಹೊರಡುವ ವೇಳೆ ಎಂಬುದಿಲ್ಲ, ತುಂಬಿದಾಗ ಹೊರಡುತ್ತದೆ. ಕಾಲ ಒಂದು ದ್ರವ್ಯ ಎಂದರು ವೈಶೇಷಿಕರು. ಯಾವುದರಿಂದ ಆದ ದ್ರವ್ಯವೆಂಬುದನ್ನು ಕನೇಶಿಯಲ್ಲಿ ಕಣ್ಣಾರೆ ಕಾಣಬಹುದು: ತಲೆಗಳಿಂದ. ಎಷ್ಟು ಹೊತ್ತಾಯಿತು ಎಂದು ಕೇಳಿದರೆ ಅಲ್ಲಿ ಸರಿಯಾದ ಉತ್ತರ "ಇನ್ನು ಮೂರು ತಲೆ".

ಬಾಗಿಲ ಬಳಿ ನಿಂತು ಊರಿನ ಹೆಸರು ಕೂಗುವವನು ಮೇಟ್. ನಮ್ಮ ಖಾಸಗಿ ಬಸ್ಸಿನ ಕ್ಲೀನರು, ಕಂಡಕ್ಟರು ಇಬ್ಬರನ್ನೂ ಸೇರಿಸಿ ಒಂದೇ ಸಂಬಳ ಕೊಟ್ಟರೆ ಎಷ್ಟಾಗುತ್ತದೋ ಅಷ್ಟು ಅವನ ಹೊಣೆ. ನಡುದಾರಿಯ ಮಡಿಚುವ ಸೀಟುಗಳನ್ನು ಕೊನೆಗೆ ಬಿಡಿಸುತ್ತಾನೆ. ಅದಾದ ಮೇಲೆ ಹಿಂದಿನ ಸಾಲಿನವರು ಇಳಿಯಬೇಕೆಂದರೆ ಮುಂದಿನವರೆಲ್ಲ ಎದ್ದು ಜಾಗ ಬಿಡಬೇಕು. "ಅವೇ!" ಎಂದು ಮೇಟ್ ಕೂಗಿದರೆ ಚಾಲಕ ಹೊರಡುತ್ತಾನೆ. ದುಡ್ಡು ಹಿಂದಿನಿಂದ ಮುಂದಕ್ಕೆ, ಚಿಲ್ಲರೆ ಮುಂದಿನಿಂದ ಹಿಂದಕ್ಕೆ, ಗುರುತು ಪರಿಚಯವಿಲ್ಲದ ಹತ್ತು ಕೈಗಳ ಮೇಲೆ ಹಾದು ಬರುತ್ತದೆ. ಕೊಡುವ ಕೈ ಬಲಗೈಯೇ ಆಗಿರಬೇಕು. ಎಡಗೈ ಚಾಚಿದರೆ ಮುಖ ಗಂಟುಹಾಕುತ್ತಾರೆ. ಈ ಒಂದು ವಿಷಯದಲ್ಲಿ ನಮ್ಮ ಕಡೆಯಿಂದ ಹೋದ ಸ್ವಯಂಸೇವಕನಿಗೆ ತರಬೇತಿ ಬೇಕಾಗಿಲ್ಲ. ಅದನ್ನು ಅವನ ಅಜ್ಜಿ ಐದನೆಯ ವಯಸ್ಸಿಗೇ ಮುಗಿಸಿರುತ್ತಾಳೆ.

ಗಾಡಿ ದಟ್ಟಣೆಯಲ್ಲಿ ನಿಂತಾಗ ನಡೆಯುವುದನ್ನು ಗಮನವಿಟ್ಟು ನೋಡಬೇಕು, ನಮ್ಮ ಸಿದ್ಧಾಂತದ ಜೀವಾಳ ಅಲ್ಲಿದೆ. ತಲೆಯ ಮೇಲೆ ಬೋಗುಣಿ ಹೊತ್ತ ಹೆಂಗಸು ಕಿಟಕಿಗೆ ಬರುತ್ತಾಳೆ. ಬೋಗುಣಿ ತುಂಬ 'ಪ್ಯೂರ್ ವಾಟರ್', ಅರ್ಧ ಲೀಟರಿನ ಪ್ಲಾಸ್ಟಿಕ್ ಪೊಟ್ಟಣ. ಸ್ವಯಂಸೇವಕ ನೋಟು ಕೊಡುತ್ತಾನೆ, ಪೊಟ್ಟಣ ಕೈಗೆ ಬರುತ್ತದೆ, ಅಷ್ಟರಲ್ಲಿ ಗಾಡಿ ಹೊರಟುಬಿಡುತ್ತದೆ. ಆಕೆ ಒಂದು ಕೈಯಿಂದ ಬೋಗುಣಿ ಹಿಡಿದು, ಇನ್ನೊಂದರಲ್ಲಿ ಚಿಲ್ಲರೆ ಎಣಿಸುತ್ತ, ಗಾಡಿಯ ಪಕ್ಕದಲ್ಲೇ ಓಡಿಬಂದು ನಾಣ್ಯವನ್ನು ಅವನ ಅಂಗೈಗೆ ಒತ್ತುತ್ತಾಳೆ. ಒಂದು ಹನಿ ನೀರೂ ಚೆಲ್ಲಿರುವುದಿಲ್ಲ. ಚೆಲ್ಲುವುದು ಇವನ ಕೈಯಲ್ಲಿ: ಪೊಟ್ಟಣದ ತುದಿಯನ್ನು ಹಲ್ಲಿನಿಂದ ಎಳ್ಳಷ್ಟೇ ಕಚ್ಚಬೇಕು, ಇವನು ಬಾಯಿತುಂಬ ಕಚ್ಚಿ ಅಂಗಿಗೆ ಅಭಿಷೇಕ ಮಾಡಿಕೊಂಡಿರುತ್ತಾನೆ.

ಈಗ ಅನುಮಾನ ಪ್ರಮಾಣಕ್ಕೆ ಬರೋಣ. ಸೋಮವಾರ ಈ ಮನುಷ್ಯ ಮಕ್ಕಳಿಗೆ ಗಣಿತ ಕಲಿಸುತ್ತಾನೆ. ಪಾಠ ಹೇಳಿ ಅಭ್ಯಾಸವಿಲ್ಲ, ತರಬೇತಿಯಿಲ್ಲ, ಮಕ್ಕಳ ಮನೆಮಾತು ಗೊತ್ತಿಲ್ಲ. ಇರುವುದೊಂದೇ ಅರ್ಹತೆ, ವಿಮಾನದ ಟಿಕೆಟ್ಟು. ಮಂಗಳವಾರ ಬಣ್ಣ ಬಳಿಯುತ್ತಾನೆ, ಅದೇ ಊರಿನ ಪೇಂಟರು ಮರದ ಕೆಳಗೆ ಕೂತು ನೋಡುತ್ತಿರುತ್ತಾನೆ. ಬುಧವಾರ ಅನಾಥಾಲಯ. ಅಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ಹೆತ್ತವರೋ ಬಂಧುಗಳೋ ಇದ್ದಾರೆಂದು ಘಾನಾದ ಸಮಾಜ ಕಲ್ಯಾಣ ಇಲಾಖೆಯೇ ಹೇಳಿದೆ. ಅನಾಥರನ್ನು ನೋಡಲು ಬರುವವರು ಹೆಚ್ಚಿದಷ್ಟೂ ಅನಾಥರು ಹೆಚ್ಚಬೇಕಾಗುತ್ತದೆ ಎಂಬುದು ವ್ಯಾಪಾರದ ನಿಯಮ. ಐದು ದಿನ ಅವನು ಕೊಡುವುದು ಯಾರೂ ಕೇಳದ ಪದಾರ್ಥ. ಶನಿವಾರ ಮಾತ್ರ, ಜೀವನೋಪಾಯಕ್ಕೆಂದು ಒಬ್ಬಾಕೆ ಮಾರುತ್ತಿರುವುದನ್ನು ಅವಳು ಹೇಳಿದ ಬೆಲೆಗೆ ಕೊಳ್ಳುತ್ತಾನೆ. ವಾರಪೂರ್ತಿ ದಾತಾರನಾಗಿದ್ದವನು ಅಂದು ಗಿರಾಕಿ. ದಾತಾರನನ್ನು ಯಾರೂ ಗದರುವಂತಿಲ್ಲ. ಗಿರಾಕಿಯನ್ನು "ಕಾಲು ಮಡಿಚಿ ಕೂತ್ಕೋ" ಎಂದು ಮೇಟ್ ಗದರುತ್ತಾನೆ. ಸಮಾನತೆಯ ಬಗ್ಗೆ ಸಂಸ್ಥೆಯವರು ಎರಡು ದಿನ ಕೊಡುವ ತರಬೇತಿಗಿಂತ ಈ ಗದರಿಕೆ ಹೆಚ್ಚು ಫಲದಾಯಕ. ಖರ್ಚೂ ಕಡಿಮೆ.

ಸುಮಾರು 150 ಕಿಲೋಮೀಟರು ಸಾಗಿದರೆ ಕೇಪ್ ಕೋಸ್ಟ್, ಅದರಾಚೆ ಎಲ್ಮಿನಾ. ವಾರಾಂತ್ಯದ ವೇಳಾಪಟ್ಟಿ ಬಹುತೇಕ ಒಂದೇ: ಬೆಳಿಗ್ಗೆ ಕೋಟೆ, ಮಧ್ಯಾಹ್ನ ಕಾಕುಮ್ ಕಾಡಿನ ತೂಗುಸೇತುವೆ, ಸಂಜೆ ಕಡಲು. ಭರತಮುನಿಯ ಲೆಕ್ಕದಲ್ಲಿ ಕರುಣ, ಭಯಾನಕ, ಅದ್ಭುತ ಮೂರನ್ನೂ ಒಂದೇ ಹಗಲಿನಲ್ಲಿ ಮುಗಿಸುವ ಯೋಜನೆ. ಆದರೆ ಮೊದಲನೆಯದು ವೇಳಾಪಟ್ಟಿಗೆ ಬಗ್ಗುವುದಿಲ್ಲ. ಎಲ್ಮಿನಾ ಕೋಟೆಯನ್ನು ಪೋರ್ಚುಗೀಸರು ಕಟ್ಟಿದ್ದು 1482ರಲ್ಲಿ, ಡಚ್ಚರು ಕಿತ್ತುಕೊಂಡದ್ದು 1637ರಲ್ಲಿ. ಕೇಪ್ ಕೋಸ್ಟಿನ ಕೋಟೆಯಲ್ಲಿ ಗುಲಾಮರಾಗಿ ಮಾರಲೆಂದು ತಂದ ಗಂಡಸರನ್ನು ತುಂಬುತ್ತಿದ್ದ ನೆಲಮಾಳಿಗೆಯ ಮೇಲೆಯೇ ಪ್ರಾರ್ಥನಾ ಮಂದಿರವಿತ್ತು. ಗೈಡು ಒಳಗೆ ಕರೆದೊಯ್ದು ದೀಪ ಆರಿಸಿ, ಗೋಡೆಯ ಮೇಲ್ತುದಿಯ ಕಿಂಡಿ ತೋರಿಸುತ್ತಾನೆ. ಅಷ್ಟು ಜನಕ್ಕೆ ಗಾಳಿ ಬೆಳಕು ಅದರಿಂದಲೇ ಬರಬೇಕಿತ್ತು. ಈ ಪ್ರಬಂಧಕಾರನ ಬಳಿ ಇದಕ್ಕೆ ಪರಿಭಾಷೆ ಇಲ್ಲ, ತಮಾಷೆಯೂ ಇಲ್ಲ. ಪ್ರವೇಶ ಶುಲ್ಕ ಕೊಟ್ಟು, ಗೈಡಿನ ಮಾತನ್ನು ಕೊನೆಯವರೆಗೆ ಕೇಳಿ ಬರುವುದೊಂದೇ ಇಲ್ಲಿನ ವಿಧಿ.

ಹೊರಗೆ ಬಂದರೆ ಶಾಸ್ತ್ರ ಮತ್ತೆ ಕೆಲಸಕ್ಕೆ ಬರುತ್ತದೆ. ಎಲ್ಮಿನಾ ಕೋಟೆಯ ಬಾಗಿಲಲ್ಲಿ ಹುಡುಗರು ಕಾದಿರುತ್ತಾರೆ. ಒಳಗೆ ಹೋಗುವಾಗಲೇ ಸ್ನೇಹದಿಂದ ಹೆಸರು ಕೇಳಿರುತ್ತಾರೆ. ಹೊರಬರುವಷ್ಟರಲ್ಲಿ ಕಡಲ ಚಿಪ್ಪಿನ ಮೇಲೆ ಆ ಹೆಸರನ್ನೂ "ನನ್ನ ಗೆಳೆಯನಿಗೆ" ಎಂಬ ಮಾತನ್ನೂ ಬರೆದು ಮುಗಿದಿರುತ್ತದೆ. ತನ್ನ ಹೆಸರಿರುವ ಚಿಪ್ಪನ್ನು ಬೇಡ ಎನ್ನುವುದು ಹೇಗೆ? ಬೇರೆ ಯಾರಿಗೂ ಮಾರಲಾಗದ ಸರಕನ್ನು ಮೊದಲೇ ತಯಾರಿಸಿ, ಕೊಳ್ಳುವವನ ದಾಕ್ಷಿಣ್ಯವನ್ನೇ ಬಂಡವಾಳ ಮಾಡಿಕೊಳ್ಳುವ ಈ ಹುಡುಗರಿಗೆ ಸೋಮವಾರ ಅದೇ ಸ್ವಯಂಸೇವಕ 'ಸ್ವಂತ ಉದ್ಯಮ ಹೇಗೆ?' ಎಂಬ ಶಿಬಿರ ನಡೆಸುತ್ತಾನೆ.

ಕಾಕುಮ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1995ರಲ್ಲಿ ಕಟ್ಟಿದ ಏಳು ತೂಗುಸೇತುವೆಗಳು, ಒಟ್ಟು ಸುಮಾರು 350 ಮೀಟರು, ಮರಗಳ ನೆತ್ತಿಯ ಎತ್ತರದಲ್ಲಿ. ಕೆಳಗೆ ನೋಡಬಾರದು ಎಂದು ಎಲ್ಲರೂ ಹೇಳುತ್ತಾರೆ, ಎಲ್ಲರೂ ನೋಡುತ್ತಾರೆ. ಸಂಜೆಯ ಊಟಕ್ಕೆ ಅಲ್ಲಿಯ ಸಾಧಾರಣ ಹೋಟೆಲು, ಅಂದರೆ ಚಾಪ್ ಬಾರ್. ಗೆಣಸಿನಂಥ ಗಡ್ಡೆಗಳನ್ನು ಬೇಯಿಸಿ ಒರಳಲ್ಲಿ ಕುಟ್ಟಿದ ಫುಫು, ಸುತ್ತ ಖಾರದ ಸಾರು. ಅಮೆರಿಕದವನು ಅದನ್ನು ಅಗಿಯಲು ಹೋಗಿ ದವಡೆ ಸೋಲಿಸಿಕೊಳ್ಳುತ್ತಾನೆ. ಮಂಡ್ಯದ ಕಡೆಯವನಾದರೆ ರಾಗಿಮುದ್ದೆಯ ಹಾಗೆ ಮುರಿದು, ಸಾರಲ್ಲಿ ಅದ್ದಿ, ಗುಳುಂ ಎನಿಸುತ್ತಾನೆ. ನುಂಗುವುದೇ ಅಲ್ಲಿಯೂ ಕ್ರಮ. ಅಲ್ಲಿನವರು ಅವನ ತಟ್ಟೆಯ ಕಡೆ ಮೆಚ್ಚುಗೆಯಿಂದ ನೋಡುವಷ್ಟು ಅವನ ಗಣಿತದ ಪಾಠವನ್ನು ಎಂದೂ ನೋಡಿರುವುದಿಲ್ಲ.

ಪೂರ್ವಪಕ್ಷಿ ಇಲ್ಲಿ ಎದ್ದು ನಿಲ್ಲುತ್ತಾನೆ: "ವಾರದ ದಿನಗಳಲ್ಲಿ ಒಳ್ಳೆಯದು ಏನೂ ನಡೆದೇ ಇಲ್ಲವೆ?" ನಡೆದಿದೆ. ವೋಲ್ಟಾ ಪ್ರಾಂತ್ಯದ ಟಾಫಿ ಅಟೋಮೆ ಎಂಬ ಹಳ್ಳಿಯಲ್ಲಿ ಮೋನಾ ಜಾತಿಯ ಕೋತಿಗಳಿವೆ. ಊರವರಿಗೆ ಅವು ಪವಿತ್ರ. ಕೋತಿ ಮತ್ತು ಕಾಡನ್ನು ಉಳಿಸಿಕೊಂಡು, ನೋಡಬಂದವರ ಶುಲ್ಕ ಊರಿಗೇ ಸೇರುವಂಥ ವ್ಯವಸ್ಥೆ ಅಲ್ಲಿದೆ. ಇಂಥ ಗ್ರಾಮ ಪ್ರವಾಸೋದ್ಯಮವನ್ನು ಕಟ್ಟುವುದರಲ್ಲಿ ಪೀಸ್ ಕೋರ್ ಸ್ವಯಂಸೇವಕರೂ ದುಡಿದಿದ್ದಾರೆ. ಶನಿವಾರ ಇನ್ನೊಬ್ಬ ಸ್ವಯಂಸೇವಕ ಬಂದು ಅಂಗೈ ಬಿಗಿ ಮಾಡಿ ಬಾಳೆಹಣ್ಣು ಹಿಡಿಯುತ್ತಾನೆ, ಕೋತಿ ಅವನ ತೋಳಿನ ಮೇಲೆ ಕೂತು ಸಿಪ್ಪೆಯನ್ನು ಅವನ ಕೈಯಲ್ಲೇ ಬಿಟ್ಟು ಹಣ್ಣು ತಿನ್ನುತ್ತದೆ. ಶನಿವಾರಕ್ಕಾಗಿ ದುಡಿದ ಸೋಮವಾರಕ್ಕೆ ಬೆಲೆಯಿದೆ ಎಂದು ನಾವು ಒಪ್ಪುತ್ತೇವೆ. ಪೂರ್ವಪಕ್ಷಿ ದಯವಿಟ್ಟು ಕೂರಬೇಕು.

ಒಂದು ಅಪವಾದ ಸೂತ್ರವನ್ನೂ ಹೇಳದಿದ್ದರೆ ಗ್ರಂಥ ಅಪೂರ್ಣ. ಘಾನಾದಲ್ಲಿ ಶನಿವಾರ ಉತ್ತರಕ್ರಿಯೆಯ ದಿನವೂ ಹೌದು. ಕೆಂಪು ಕಪ್ಪು ಬಟ್ಟೆ ಉಟ್ಟ ನೆಂಟರು ಊರೂರಿಗೆ ಹೋಗುವ ದಿನ. ಶಾಮಿಯಾನ, ಸಾಲು ಕುರ್ಚಿ, ಎದೆ ನಡುಗಿಸುವ ಧ್ವನಿವರ್ಧಕ. ಟ್ರೋಟ್ರೋದಲ್ಲಿ ಸೀಟು ಸಿಗದಿದ್ದರೆ ಕಾರಣ ಬಹುಶಃ ಅದೇ. ಅಕ್ರಾದ ಅಂಚಿನ ಟೆಶಿಯಲ್ಲಿ ಬಡಗಿಗಳು ಮೀನುಗಾರನಿಗೆ ಮೀನಿನ ಆಕಾರದ, ಕೋಕೋ ಬೆಳೆದವನಿಗೆ ಕೋಕೋ ಕಾಯಿಯ ಆಕಾರದ ಶವಪೆಟ್ಟಿಗೆ ಮಾಡಿಕೊಡುತ್ತಾರೆ. ಅದೂ ಪ್ರೇಕ್ಷಣೀಯ ಸ್ಥಳವೇ. ಸ್ವಯಂಸೇವಕನ ಶನಿವಾರವೂ ಊರವರ ಶನಿವಾರವೂ ಒಂದೇ ಸೀಟಿಗೆ ಪೈಪೋಟಿ ನಡೆಸಿದಾಗ ಊರವರದೇ ಬಲೀಯ. ನೆಂಟರಿಗೆ ಎದ್ದು ಜಾಗ ಬಿಡತಕ್ಕದ್ದು.

ಫೋಟೊ ವಿಷಯದಲ್ಲೂ ಪೂರ್ವೋದಾಹರಣೆ ಇದೆ. 1961ರ ಅಕ್ಟೋಬರಿನಲ್ಲಿ ನೈಜೀರಿಯಾದ ಇಬಾದಾನ್‌ನಲ್ಲಿ ಒಬ್ಬ ಪೀಸ್ ಕೋರ್ ಸ್ವಯಂಸೇವಕಿ ತನ್ನ ಸ್ನೇಹಿತನಿಗೆ ಅಲ್ಲಿಯ ಜನರ ಬದುಕು ಎಷ್ಟು ಹಿಂದುಳಿದಿದೆ ಎಂದು ಬರೆದ ಪೋಸ್ಟ್‌ಕಾರ್ಡು ಅಂಚೆಪೆಟ್ಟಿಗೆ ಸೇರುವ ಮೊದಲೇ ದಾರಿಯಲ್ಲಿ ಬಿತ್ತು. ಅಲ್ಲಿಯ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು, ಪ್ರತಿಭಟನೆಯಾಯಿತು, ಆಕೆ ಊರಿಗೆ ವಾಪಸಾದಳು. ಅಂದು ಒಂದು ಕಾರ್ಡು ಕೈತಪ್ಪಿ ಬಿದ್ದದ್ದಕ್ಕೆ ಅಷ್ಟಾಯಿತು. ಈಗ ಅಂಥದ್ದನ್ನು ದಿನಕ್ಕೆ ಹತ್ತು ಸಲ ಬೇಕೆಂದೇ ಬೀಳಿಸುತ್ತಾರೆ, ಜೊತೆಗೆ ಮಗುವಿನ ಫೋಟೊ.

ಕೊನೆಯದಾಗಿ, ಪಂಡಿತರನ್ನು ಬಹುಕಾಲ ಕಾಡಿದ ಮೋಲೆ ಸಮಸ್ಯೆ. ಮೋಲೆ ರಾಷ್ಟ್ರೀಯ ಉದ್ಯಾನ ದೇಶದ ಉತ್ತರ ಭಾಗದಲ್ಲಿದೆ. ಗುಡ್ಡದ ಮೇಲಿನ ವಸತಿಗೃಹದಿಂದಲೇ ಕೆಳಗಿನ ಕೆರೆಯಲ್ಲಿ ಆನೆಗಳು ಮೀಯುವುದು ಕಾಣುತ್ತದೆ, ಬಂದೂಕು ಹಿಡಿದ ಅರಣ್ಯ ರಕ್ಷಕನ ಹಿಂದೆ ನಡೆದುಕೊಂಡೇ ಹತ್ತಿರ ಹೋಗಬಹುದು. ಆದರೆ ಅಕ್ರಾದಿಂದ ಆ ದಾರಿಯ ಊರಾದ ತಮಾಲೆಯವರೆಗಿನ ಬಸ್ಸಿಗೇ ಒಂದು ರಾತ್ರಿಯೆಲ್ಲ ಬೇಕು. ಹೋಗಿ ಬರುವುದು ಎರಡು ದಿನಕ್ಕೆ ಹಿಡಿಸುವುದಿಲ್ಲ. ಪರಿಣಾಮವಾಗಿ, ಮೋಲೆಗೆ ಹೋದವರಿಗೆಲ್ಲ ತಪ್ಪದೆ ಸೋಮವಾರ ಜ್ವರ ಬರುತ್ತದೆ. ಮಲೇರಿಯಾ ಇರುವ ದೇಶವಾದ್ದರಿಂದ ಯಾರೂ ಪ್ರಶ್ನಿಸುವುದಿಲ್ಲ. ಮಂಗಳವಾರ ಮೈಬಣ್ಣ ಕಪ್ಪಾಗಿ, ಗೆಲುವಾಗಿ ಕೆಲಸಕ್ಕೆ ಬರುತ್ತಾರೆ. ಸುಳ್ಳು ಹೇಳದೆ ಮೋಲೆಗೆ ಹೋಗುವ ಶಾಸ್ತ್ರೀಯ ದಾರಿಯೊಂದಿದೆ. ಸಾಮಾನ್ಯವಾಗಿ ಡಿಸೆಂಬರಿನ ಮೊದಲ ಶುಕ್ರವಾರ ಘಾನಾದಲ್ಲಿ ರೈತರ ದಿನ, ಸರ್ಕಾರಿ ರಜೆ. ಉತ್ತಮ ರೈತರಿಗೆ ಬಹುಮಾನ ಕೊಡುತ್ತಾರೆ, ಭಾಷಣಗಳಾಗುತ್ತವೆ. ಹಿಂದಿನ ಸಂಜೆ ತಮಾಲೆ ಬಸ್ಸಿನ ಮೊದಲ ಸಾಲಿನಲ್ಲಿ, ಕುತ್ತಿಗೆಗೆ ಗಾಳಿದಿಂಬು ಸಿಕ್ಕಿಸಿಕೊಂಡು ಕೂತಿರುವವನು ಕೃಷಿ ಯೋಜನೆಯ ಸ್ವಯಂಸೇವಕ.