ಮಾರಿಕಣಿವೆ ಸೀಮೆಯ ಗಣಕಕೋಣೆ: ಒಂದು ಉತ್ಖನನ ವರದಿ

ಪೀಠಿಕೆ

ಚಿತ್ರದುರ್ಗದ ಸೀಮೆಯಲ್ಲಿ ನೆಲ ಅಗೆದರೆ ಇತಿಹಾಸ ಸಿಗುತ್ತದೆ, ಬೋರ್ ಕೊರೆದರೆ ಸಾಲ ಸಿಗುತ್ತದೆ. 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪಂಡಿತ ಬ್ರಹ್ಮಗಿರಿಯನ್ನೂ ಚಂದ್ರವಳ್ಳಿಯನ್ನೂ ಅಗೆಸಿ, ಮಣ್ಣಿನ ಪದರಗಳನ್ನು ಎಣಿಸಿ, ಮಡಕೆಚೂರಿಗೂ ಒಂದು ವಯಸ್ಸು ಕಟ್ಟಿಕೊಟ್ಟ. ಆದರೆ ಈ ಸೀಮೆಯ ಒಂದು ಮಹತ್ವದ ನೆಲೆ ಅವನ ಕೈತಪ್ಪಿತು. ಅದಿನ್ನೂ ಹುಟ್ಟಿರಲಿಲ್ಲವಾದ್ದರಿಂದ ಅವನನ್ನು ಕ್ಷಮಿಸಬಹುದು. ಆ ನೆಲೆಯೇ ಕಾಲೇಜಿನ ಕಂಪ್ಯೂಟರ್ ಲ್ಯಾಬು.

ಜನ ಮಾರಿಕಣಿವೆ ಎಂದೇ ಕರೆಯುವ ವಾಣಿವಿಲಾಸ ಸಾಗರ ಜಲಾಶಯದಿಂದ ಒಂದು ಬಸ್ ಟಿಕೇಟಿನ ದೂರದಲ್ಲಿರುವ ಅಂಥದೊಂದು ಲ್ಯಾಬನ್ನು ಪ್ರಸ್ತುತ ಸಂಶೋಧಕನು ಪದರ ಪದರವಾಗಿ ಶೋಧಿಸಿದ್ದಾನೆ. (ಪ್ರಸ್ತುತ ಸಂಶೋಧಕ ಅಂದರೆ ನಾನೇ. ಶಾಸ್ತ್ರದಲ್ಲಿ ‘ನಾನು’ ಅಂದರೆ ಅಂಕ ಕಳೆಯುತ್ತಾರೆ.) ನಿಧಿಗಳ್ಳರ ಕಾಟ ಬೇಡವೆಂದು ಕಾಲೇಜಿನ ಹೆಸರನ್ನು ಗೋಪ್ಯವಾಗಿ ಇಡಲಾಗಿದೆ.

ಮೊದಲ ಪದರ: ಹೊಸ್ತಿಲು

ಬಾಗಿಲ ಮೇಲೆ ಒಂದು ಶಾಸನವಿದೆ: ‘ಪಾದರಕ್ಷೆಗಳನ್ನು ಹೊರಗೆ ಬಿಡಿ’. ಅದರ ಕೆಳಗೆ ಅಂಗೈ ಗಾತ್ರದ ಬೀಗ. ಬೀಗ ಇಲ್ಲಿದೆಯಾದ್ದರಿಂದ ಬೀಗದ ಕೈಯೂ ಎಲ್ಲೋ ಇರಬೇಕೆಂದು ತರ್ಕಿಸಿ ಅಟೆಂಡರನ್ನು ವಿಚಾರಿಸಲಾಯಿತು.

“ಕೈ ಮೇಡಮ್ಮೋರತ್ರ ಐತೆ ಸಾ.”

“ಮೇಡಂ ಎಲ್ಲಿ?”

“ಟ್ರೈನಿಂಗಿಗೆ ಹೋಗವ್ರೆ.”

“ಏನು ಟ್ರೈನಿಂಗು?”

“ಕಂಪ್ಯೂಟ್ರುದು.”

ಭಾರತದ ಸಾಮಾನ್ಯ ಜನಕ್ಕೆ ವಿಎಸ್‌ಎನ್‌ಎಲ್ ಸಂಸ್ಥೆ ಇಂಟರ್ನೆಟ್ಟಿನ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು. ಈ ಬಾಗಿಲು ತೆರೆದದ್ದು ಸಂಶೋಧಕನ ನಾಲ್ಕನೆಯ ಭೇಟಿಯಂದು.

ಎರಡನೆಯ ಪದರ: ಯಂತ್ರಗಳು

ದಾಸ್ತಾನು ವಹಿಯಲ್ಲಿ ಇಪ್ಪತ್ತು ಕಂಪ್ಯೂಟರುಗಳಿವೆ. ಮೇಜಿನ ಮೇಲೆ ಹದಿನೇಳು. ಗುಂಡಿ ಒತ್ತಿದರೆ ಏಳುವಂಥವು ಆರು. ವೇದಾಂತಿಗಳು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಸತ್ಯವನ್ನು ಮೂರು ಬಗೆ ಮಾಡಿರುವುದು ಇಂಥ ಸಂದರ್ಭಕ್ಕಾಗಿಯೇ. ಆಡಿಟ್ಟಿನವರು ಪಾರಮಾರ್ಥಿಕವನ್ನು ಮಾತ್ರ ನೋಡುತ್ತಾರೆ.

ಯಂತ್ರಗಳ ಕಾಲನಿರ್ಣಯಕ್ಕೆ ಸಂಶೋಧಕನು ಹೊಸ ವಿಧಾನವೊಂದನ್ನು ಕಂಡುಕೊಂಡಿದ್ದಾನೆ. ಮರದ ವಯಸ್ಸನ್ನು ಉಂಗುರ ಎಣಿಸಿ ಹೇಳುವಂತೆ ಕಂಪ್ಯೂಟರಿನ ವಯಸ್ಸನ್ನು ಆಯುಧಪೂಜೆಯ ಕುಂಕುಮ ಎಣಿಸಿ ಹೇಳಬಹುದು. ಮೂರನೆಯ ಸಾಲಿನ ಎರಡನೆಯ ಮಾನಿಟರಿನ ನೆತ್ತಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಲಾಗಿ, ವಿಭೂತಿ, ಅದರಡಿ ಅರಿಶಿನ, ಅದರಡಿ ಕಪ್ಪಾದ ಕುಂಕುಮ, ಹೀಗೆ ಹನ್ನೊಂದು ಸುತ್ತು ಕಂಡುಬಂದವು. ಪಕ್ಕದ ಕೀಬೋರ್ಡಿನ ಸಂದಿನಲ್ಲಿ ಒಣಗಿದ ಚೆಂಡುಹೂವಿನ ಎಸಳು ಸಿಕ್ಕಿದೆ. ಎಂಟರ್ ಕೀಲಿ ಹೊಸದರಂತೆ ಹೊಳೆಯುತ್ತಿದೆ. ಪೂಜೆ ಹೆಚ್ಚಾಗಿಯೂ ಬಳಕೆ ಕಡಿಮೆಯಾಗಿಯೂ ಇತ್ತೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಎದ್ದ ಆರರಲ್ಲಿ ನಾಲ್ಕು ವಿಂಡೋಸ್ ಎಕ್ಸ್‌ಪಿ ಕಾಲದವು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ 2014ರ ಏಪ್ರಿಲ್ 8ರಂದೇ ಎಳ್ಳುನೀರು ಬಿಟ್ಟಿದೆ. ಇಲ್ಲಿ ಮಾತ್ರ ಅದು ಚಿರಂಜೀವಿ. ತೆರೆಯ ಮೇಲಿನ ಆ ಕ್ಯಾಲಿಫೋರ್ನಿಯಾದ ಹಸಿರು ಗುಡ್ಡವನ್ನು ಬಯಲುಸೀಮೆಯ ಮಕ್ಕಳು ಮೇ ತಿಂಗಳಲ್ಲೂ ಕಣ್ತುಂಬ ನೋಡಬಹುದು. ಅದನ್ನು ದಾಟಿ ಒಳಗೆ ಹೋಗುವುದು ಮಾತ್ರ ಕಷ್ಟ.

ಮೂರನೆಯ ಪದರ: ಲಿಪಿ

ಒಂದು ಯಂತ್ರದಲ್ಲಿ ಹಳೆಯ ಕನ್ನಡ ಎಂ.ಎ. ಪ್ರಬಂಧವೊಂದು ಸಿಕ್ಕಿತು. ತೆರೆದರೆ ಒಂದಕ್ಷರವೂ ಕನ್ನಡವಲ್ಲ. ತಲೆಯ ಮೇಲೆ ಕೊಂಬು, ಕೆಳಗೆ ಬಾಲ ಅಂಟಿಸಿಕೊಂಡ ರೋಮನ್ ಅಕ್ಷರಗಳ ದಂಡು. ವಿದ್ಯಾರ್ಥಿ ಬರೆದದ್ದು ಹಳೆಯ ನುಡಿ ಫಾಂಟಿನಲ್ಲಿ. ಆ ಫಾಂಟುಗಳು ರೋಮನ್ ಅಕ್ಷರಗಳ ಮನೆಯಲ್ಲೇ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ಫಾಂಟು ಇಲ್ಲದ ಕಡೆ ಬಾಡಿಗೆದಾರ ಮಾಯವಾಗಿ ಮನೆ ಮಾಲೀಕನೇ ಬಾಗಿಲಿಗೆ ಬರುತ್ತಾನೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಸ್ವಂತ ಮನೆಯಾಯಿತು. ಆದರೆ ಗೃಹಪ್ರವೇಶದ ಸುದ್ದಿ ಈ ಯಂತ್ರಕ್ಕೆ ತಲುಪಲಿಲ್ಲ, ಏಕೆಂದರೆ ಅದಕ್ಕೆ ನೆಟ್ ಇಲ್ಲ.

ಈ ಲಿಪಿಗೊಂದಲ ಸೀಮೆಗೆ ಹೊಸದಲ್ಲ. 1892ರಲ್ಲಿ ಬಿ. ಎಲ್. ರೈಸ್ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿ ಪತ್ತೆಹಚ್ಚಿದ ಅಶೋಕನ ಶಾಸನದಲ್ಲಿ ಬರೆದವನ ಹೆಸರು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಕೊರೆದು, ಕೊನೆಗೆ ‘ಲಿಪಿಕಾರ’ ಎಂಬ ತನ್ನ ಹುದ್ದೆಯನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದ. ಚಿತ್ರದುರ್ಗ ಜಿಲ್ಲೆಯ ಮೊದಲ ಫಾಂಟ್ ಪ್ರಾಬ್ಲಂ ಇದೇ. ಎರಡು ಸಾವಿರ ವರ್ಷ ಕಳೆದರೂ ಚಪಡನದನ್ನು ಓದಬಹುದು. ಎಂ.ಎ. ಪ್ರಬಂಧವನ್ನು ಓದಲಾಗುತ್ತಿಲ್ಲ.

ಪೂರ್ವಪಕ್ಷ

ಈ ಕೋಣೆಯ ಉದ್ದೇಶವೇನು ಎಂಬ ಬಗ್ಗೆ ಎರಡು ವಾದಗಳಿವೆ.

ಅದು ದೇವಾಲಯವೆಂಬುದು ಮೊದಲ ವಾದ. ಪಾದರಕ್ಷೆ ನಿಷಿದ್ಧ, ಮೂರ್ತಿಗಳಿಗೆ ಬಟ್ಟೆ ಹೊದಿಸಿದೆ, ಸ್ವಿಚ್‌ಬೋರ್ಡಿನಲ್ಲಿ ಕೆಂಪು ನಂದಾದೀಪವಿದೆ, ವರ್ಷಕ್ಕೊಮ್ಮೆ ಕಾಯಿ ಒಡೆಯುತ್ತಾರೆ. ವಾದ ಸೊಗಸಾಗಿದೆಯಾದರೂ ನಿಲ್ಲುವುದಿಲ್ಲ. ಕಣಿವೆ ಮಾರಮ್ಮನ ಗುಡಿಯ ಬಾಗಿಲು ದಿನವೂ ತೆರೆಯುತ್ತದೆ.

ಅದು ವಸ್ತುಸಂಗ್ರಹಾಲಯವೆಂಬುದು ಎರಡನೆಯ ವಾದ. ಇದೂ ನಿಲ್ಲದು. ವಸ್ತುಸಂಗ್ರಹಾಲಯದಲ್ಲಿ ಯಾವುದು ಯಾವ ಕಾಲದ್ದೆಂದು ಚೀಟಿ ಅಂಟಿಸಿರುತ್ತಾರೆ.

ಸಿದ್ಧಾಂತ

ಗಣಕಕೋಣೆಯು ಒಂದು ಕೆರೆ. ಇದೇ ಸಂಶೋಧಕನ ಸಿದ್ಧಾಂತ.

ಹೆಸರಿನಿಂದಲೇ ಆರಂಭಿಸೋಣ. ಕುವೆಂಪು ಮೈಸೂರಿನ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಎಂದು ಹೆಸರಿಟ್ಟರು. ಆಮೇಲೆ ಕೊಣಾಜೆಯಲ್ಲಿ ಮಂಗಳಗಂಗೋತ್ರಿ, ದಾವಣಗೆರೆಯಲ್ಲಿ ಶಿವಗಂಗೋತ್ರಿ, ಚಿತ್ರದುರ್ಗದ ಗುಡ್ಡದ ರಂಗವ್ವನಹಳ್ಳಿಯಲ್ಲಿ ಜ್ಞಾನಗಂಗೋತ್ರಿ. ನಮ್ಮವರಿಗೆ ವಿದ್ಯೆಯೆಂದರೆ ನೀರು. ಬಾಯಾರಿದ ಸೀಮೆಯಲ್ಲಿ ಬೇರೆ ಹೋಲಿಕೆ ಹೊಳೆಯುವುದೂ ಕಷ್ಟ. ಚಂದ್ರವಳ್ಳಿಯ ಬಂಡೆಶಾಸನವೇ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ.

ಕೆರೆಗೆ ಮೂರು ಅಂಗ: ಏರಿ, ತೂಬು, ಕೋಡಿ. ಗಣಕಕೋಣೆಗೆ ಏರಿಯಿದೆ, ನಾಲ್ಕು ಗೋಡೆ ಮತ್ತು ಉದ್ಘಾಟನೆಯ ಕಲ್ಲಿನ ರೂಪದಲ್ಲಿ.

ಕೋಡಿಯೂ ಇದೆ. 1907ರಲ್ಲಿ ಮುಗಿದ ಮಾರಿಕಣಿವೆ 130 ಅಡಿ ತುಂಬಿ 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬೀಳಲು 89 ವರ್ಷ ಕಾದು, 2022 ಬರಬೇಕಾಯಿತು. ಗಣಕಕೋಣೆ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ಕೋಡಿ ಬೀಳುತ್ತದೆ. ಅಂದು ಬಾಗಿಲು ಹಾರುಹೊಡೆದಿರುತ್ತದೆ, ಫ್ಯಾನ್ ತಿರುಗುತ್ತದೆ, ಕೊರಳಿಗೆ ಐಡಿ ಕಾರ್ಡ್ ಹಾಕಿದ ಮಕ್ಕಳನ್ನು ಮಾನಿಟರಿನ ಮುಂದೆ ಕೂರಿಸಿರುತ್ತಾರೆ. ಹಾಗೊಮ್ಮೆ ನೆಟ್ ಬಾರದ ಯಂತ್ರದ ಮುಂದಿದ್ದ ಒಬ್ಬ ಹುಡುಗಿ ಪೇಂಟ್ ತೆರೆದು ಒಂದು ಗುಡ್ಡ, ಗುಡ್ಡದ ಹಿಂದೆ ಅರ್ಧ ಸೂರ್ಯ, ಗುಡ್ಡದ ಮೇಲೆ ಒಂದು ಗಾಳಿಯಂತ್ರ ಬರೆದಿದ್ದಳು. ಆ ಚಿತ್ರ ಇನ್ನೂ ಡೆಸ್ಕ್‌ಟಾಪಿನಲ್ಲಿದೆ. ಈ ನೆಲೆಯಲ್ಲಿ ದೊರೆತ ಏಕೈಕ ಕಲಾಕೃತಿ ಅದು.

ನೀರಿನ ಮಾತು ಬಂದಾಗ ಯುಪಿಎಸ್ಸನ್ನೂ ಹೇಳಬೇಕು. ಕಿಟಕಿಯಾಚೆ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ಬಿಡುವಿಲ್ಲದೆ ಕರೆಂಟು ತಿರುವುತ್ತಿವೆ. ಇತ್ತ ಮೂವತ್ತು ಟಿಎಂಸಿ ಹಿಡಿಯುವ ಜಲಾಶಯದ ಮಗ್ಗುಲಲ್ಲೇ, ಒಂದು ಕ್ಯಾನ್ ಡಿಸ್ಟಿಲ್ಡ್ ವಾಟರ್ ಹಾಕುವವರಿಲ್ಲದೆ, ಯುಪಿಎಸ್ ಬ್ಯಾಟರಿ ಒಣಗಿ ಸತ್ತಿದೆ.

ಇಲ್ಲದ್ದು ತೂಬು. ತೂಬಿದ್ದರೂ ಅದನ್ನು ಎತ್ತುವವನು ಬೇಕು. ನಮ್ಮ ಹಿರಿಯರು ಕೆರೆ ಕಟ್ಟಿ ಸುಮ್ಮನಾಗಲಿಲ್ಲ, ನೀರುಗಂಟಿಯನ್ನು ನೇಮಿಸಿದರು. ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಅನ್ನುವುದು ಅವನಿಗೆ ಗೊತ್ತು. ಕಣದಲ್ಲಿ ಅವನ ಪಾಲಿನ ಧಾನ್ಯ ತಪ್ಪುತ್ತಿರಲಿಲ್ಲ. ಮಾರಿಕಣಿವೆ ಕಟ್ಟಿಸಿದವರೂ ಎಡಕ್ಕೊಂದು ಬಲಕ್ಕೊಂದು ನಾಲೆ ತೋಡಿಸಿದರು. ಗಣಕಕೋಣೆಗೆ ಕಂಪ್ಯೂಟರ್ ಬಂತು, ಮೇಜು ಬಂತು, ಪರದೆ ಬಂತು, ನೀರುಗಂಟಿ ಬರಲಿಲ್ಲ. ಆ ಕೆಲಸ ಈಗ ಒಬ್ಬ ಅತಿಥಿ ಉಪನ್ಯಾಸಕಿಯ ಬ್ಯಾಗಿನಲ್ಲಿ, ಟಿಫನ್ ಬಾಕ್ಸಿನ ಪಕ್ಕ, ಬೀಗದ ಕೈಯಾಗಿ ಓಡಾಡುತ್ತಿದೆ.

ನೀರು ಹರಿದ ದಾರಿ

ತೂಬಿಲ್ಲದಿದ್ದರೆ ನೀರು ತಾನೇ ದಾರಿ ಹುಡುಕುತ್ತದೆ. ಕಾಲೇಜಿನ ಎದುರಿನ ಸೈಬರ್ ಸೆಂಟರಿನಲ್ಲಿ ಮಕ್ಕಳ ಸಾಲು. ಪರೀಕ್ಷೆಯ ಅರ್ಜಿ ಯುಯುಸಿಎಂಎಸ್‌ನಲ್ಲಿ, ವಿದ್ಯಾರ್ಥಿವೇತನ ಎಸ್‌ಎಸ್‌ಪಿಯಲ್ಲಿ, ಅದಕ್ಕೆ ಜಾತಿ–ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು. ಓದಿಗೆ ಬೇಕಾದುದೆಲ್ಲ ಆನ್‌ಲೈನ್, ಲ್ಯಾಬೊಂದೇ ಆಫ್‌ಲೈನ್. ಸರ್ವರ್ ಡೌನ್ ಆದ ದಿನ ಸರ್ವರೂ ಡೌನ್. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಮಾತ್ರ ಆನ್ ಟೈಮ್.

ದುಡ್ಡಿಲ್ಲದವರಿಗೆ ಹೊಂಗೆಮರ. ಮರ ಪ್ರಿನ್ಸಿಪಾಲರ ಕೊಠಡಿಯ ಕಿಟಕಿಯ ಹೊರಗಿದೆ, ಮೋಡೆಮ್ಮು ಕಿಟಕಿಯ ಒಳಗಿದೆ. ವೈಫೈ ಪಾಸ್‌ವರ್ಡ್ ಎಲ್ಲಿಯೂ ಬರಹದಲ್ಲಿಲ್ಲ. ವೇದದಂತೆ ಬಾಯಿಂದ ಬಾಯಿಗೆ ಬಂದದ್ದು, ಸೀನಿಯರು ಜೂನಿಯರಿಗೆ ಕಿವಿಯಲ್ಲಿ ಹೇಳುತ್ತಾನೆ. ಬುಡದ ಕಟ್ಟೆ ಕೂತು ಕೂತು ನುಣುಪಾಗಿದೆ. ಎಂಟರ್ ಕೀಲಿ ಸವೆಯದ ಊರಿನಲ್ಲಿ ಕಲ್ಲು ಸವೆದಿದೆ.

ಉಪಸಂಹಾರ

ಸಿದ್ಧಾಂತವನ್ನು ಕೊನೆಯದಾಗಿ ಪರೀಕ್ಷಿಸಲು ಸಂಶೋಧಕನು ಐದನೆಯ ಬಾರಿ ಹೋದ. ಬೀಗ ಹಾಕಿತ್ತು. ಈ ವರದಿಯನ್ನು ಪತ್ರಿಕೆಗೆ ಮೇಲ್ ಮಾಡಬೇಕು, ಸ್ವಲ್ಪ ತೆಗೆಸಿಕೊಡಿ ಎಂದು ಅಟೆಂಡರಲ್ಲಿ ಬೇಡಿಕೊಂಡ.

ಹೊಸ್ತಿಲಲ್ಲಿ ಬಿಟ್ಟ ನನ್ನ ಚಪ್ಪಲಿಯನ್ನೊಮ್ಮೆ, ನನ್ನನ್ನೊಮ್ಮೆ ಅವರು ನೋಡಿದರು.

“ಚಪ್ಲಿ ಮೆಟ್ಕಳಿ ಸಾ. ನೆಟ್ಟೂ ಹೊರಗೇ ಐತೆ.”

ಹೊಂಗೆಯ ಕೆಳಗೆ ಹುಡುಗರು ಸರಿದು ಜಾಗ ಕೊಟ್ಟರು. ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳಿದರು.